ಗಾಡಿ ನಿಲ್ಲುವ ಜಾಗದಲ್ಲಿ ದುಡ್ಡು ನಿಲ್ಲುತ್ತಾ?

ಕಳೆದ ಸಲ ಅಡಿಕೆ ಮಾರಿ, ಸಾಲ ತೀರಿಸಿದ ಮೇಲೆ ಮನೆಯಲ್ಲಿ ನಾಲ್ಕು ಲಕ್ಷ ಉಳಿದಿತ್ತು. ಚನ್ನಗಿರಿಯ ನಮ್ಮಂಥ ಸಣ್ಣ ತೋಟದವರಿಗೆ ಅದು ದೊಡ್ಡ ಮೊತ್ತವೇ. ಅದೇ ಹೊತ್ತಿಗೆ ಬೆಂಗಳೂರಿನಿಂದ ಸೋದರಮಾವನ ಫೋನ್ ಬಂತು. ‘ಭಾವ, ಇಲ್ಲೊಂದು ಅಪಾರ್ಟ್‌ಮೆಂಟಲ್ಲಿ ಕಾರ್ ಪಾರ್ಕಿಂಗ್ ಜಾಗ ಮಾರ್ತಿದಾರೆ. ನಾಲ್ಕು ಲಕ್ಷ. ತಿಂಗಳಿಗೆ ಮೂರು ಸಾವಿರ ಬಾಡಿಗೆ ಗ್ಯಾರಂಟಿಯಂತೆ. ಮನೆ ಆದ್ರೆ ಸುಣ್ಣ ಬಣ್ಣ, ನಲ್ಲಿ ರಿಪೇರಿ ಅಂತ ಖರ್ಚು. ಇದಕ್ಕೇನಿದೆ? ಬರೀ ನೆಲ, ಅದರ ಮೇಲೊಂದು ನಂಬರು!’

ಅಪ್ಪ ನನ್ನ ಮುಖ ನೋಡಿದರು. ‘ಬಿ.ಕಾಂ ಓದಿದೀಯಲ್ಲ, ನೀನೇ ಲೆಕ್ಕ ಹಾಕಿ ಹೇಳು’ ಎಂದರು. ಡಿಗ್ರಿ ಮುಗಿಸಿ ಒಂದು ವರ್ಷದಿಂದ ಕೆಲಸ ಹುಡುಕುತ್ತಿದ್ದ ನನಗೆ ಸಿಕ್ಕ ಮೊದಲ ಕೆಲಸ ಅದು.

ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇತ್ತು. ವರ್ಷಕ್ಕೆ 36 ಸಾವಿರ ಅಂದರೆ ಶೇ 9. ಬ್ಯಾಂಕ್ ಬಡ್ಡಿಗಿಂತ ಹೆಚ್ಚು. ಆದರೆ ಮಾವ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪತ್ರವನ್ನು ಕಾನೂನು ಓದುತ್ತಿರುವ ಹೊನ್ನಾಳಿಯ ಗೆಳೆಯನಿಗೆ ತೋರಿಸಿದಾಗ ಅವನು ಮೊದಲು ಕೇಳಿದ್ದು, ‘ಇದು ಕ್ರಯಪತ್ರ ಅಲ್ವಲ್ಲೋ, ಬರೀ ಅಲಾಟ್‌ಮೆಂಟ್ ಲೆಟರ್. ನಿಮಗೆ ಆ ಅಪಾರ್ಟ್‌ಮೆಂಟಲ್ಲಿ ಮನೆ ಇದೆಯಾ?’ ಎಂದು. ಇರಲಿಲ್ಲ.

ಮುಂಬೈನ ಪ್ರಕರಣವೊಂದರಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆಯಂತೆ. ಕಟ್ಟಡದ ಕಂಬಗಳ ನಡುವಿನ ಸ್ಟಿಲ್ಟ್ ಪಾರ್ಕಿಂಗ್ ಮತ್ತು ತೆರೆದ ಪಾರ್ಕಿಂಗ್ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ; ಅದು ಅಲ್ಲಿನ ನಿವಾಸಿಗಳೆಲ್ಲರಿಗೂ ಸೇರಿದ್ದು. 2016ರ ರೇರಾ ಕಾಯ್ದೆಯೂ ತೆರೆದ ಪಾರ್ಕಿಂಗ್ ಅನ್ನು ಸಾಮಾನ್ಯ ಪ್ರದೇಶ ಎಂದೇ ಹೇಳುತ್ತದೆ. ಮಾವ ‘ಬರೀ ನೆಲ’ ಎಂದಿದ್ದ ಆ ನೆಲ ನಮ್ಮದೇ ಆಗುತ್ತಿರಲಿಲ್ಲ. ಹೊರಗಿನವರ ಕಾರು ಬೇಡ ಎಂದು ನಿವಾಸಿಗಳ ಸಂಘ ಹೇಳಿಬಿಟ್ಟರೆ ಬಾಡಿಗೆಯೂ ಇಲ್ಲ.

‘ಗ್ಯಾರಂಟಿ’ ಎಂಬ ಪದ ಇನ್ನೂ ಅಪಾಯದ್ದು. ಬ್ರಿಟನ್ನಿನಲ್ಲಿ ‘ಪಾರ್ಕ್ ಫಸ್ಟ್’ ಎಂಬ ಸಂಸ್ಥೆ ಗ್ಯಾಟ್‌ವಿಕ್ ಮತ್ತು ಗ್ಲಾಸ್ಗೋ ವಿಮಾನ ನಿಲ್ದಾಣಗಳ ಬಳಿಯ ಪಾರ್ಕಿಂಗ್ ಜಾಗಗಳನ್ನು ಖಚಿತ ಆದಾಯದ ಭರವಸೆ ಕೊಟ್ಟು ಸಾವಿರಾರು ಜನರಿಗೆ ಮಾರಿತ್ತು. 2017ರಲ್ಲಿ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ಮಧ್ಯೆ ಬಂತು. 2019ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಸೇರಿತು. ನಮ್ಮಲ್ಲೂ ಹಲವರ ದುಡ್ಡು ಒಟ್ಟುಗೂಡಿಸಿ, ತಾವೇ ನಡೆಸಿ ಲಾಭ ಹಂಚುವ ಇಂಥ ಯೋಜನೆಗಳಿಗೆ ‘ಸೆಬಿ’ಯ ನೋಂದಣಿ ಬೇಕು. ಅದನ್ನು ಕೇಳಿದ ಮೇಲೆ ಆ ಏಜೆಂಟ್ ಮಾವನ ಫೋನನ್ನೇ ಎತ್ತಲಿಲ್ಲ.

ಹಾಗಾದರೆ ಪಾರ್ಕಿಂಗ್‌ನಲ್ಲಿ ಲಾಭವೇ ಇಲ್ಲವೇ? ಇದೆ. ಆದರೆ ನಾವು ಹುಡುಕುತ್ತಿದ್ದ ಕಡೆ ಅಲ್ಲ.

ನಮ್ಮೂರಿನ ಬೆಳಗನ್ನು ನೆನಪಿಸಿಕೊಳ್ಳಿ. ಹಳ್ಳಿಗಳಿಂದ ಬೈಕಿನಲ್ಲಿ ಚನ್ನಗಿರಿಗೆ ಬಂದು, ಗಾಡಿ ನಿಲ್ಲಿಸಿ, ದಾವಣಗೆರೆ ಅಥವಾ ಶಿವಮೊಗ್ಗದ ಬಸ್ ಹತ್ತುವವರು ಎಷ್ಟು ಜನ! ಹೊನ್ನಾಳಿ, ನ್ಯಾಮತಿಯ ಗೆಳೆಯರದ್ದೂ ಇದೇ ಕತೆ. ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗುತ್ತಾರೆ. ನಾನೂ ಮೂರು ವರ್ಷ ಹಾಗೆಯೇ ಓದಿದವನು. ಸಂಜೆ ವಾಪಸ್ ಬರುವಾಗ ಗಾಡಿ ಇದೆಯೋ ಇಲ್ಲವೋ, ಪೆಟ್ರೋಲ್ ಉಳಿದಿದೆಯೋ ಎಂಬ ಚಿಂತೆ ಬಸ್ಸಿನಲ್ಲೇ ಶುರುವಾಗುತ್ತಿತ್ತು.

ಬಸ್ ನಿಲ್ದಾಣದ ಹತ್ತಿರ ದೊಡ್ಡಪ್ಪನ 30x40 ಸೈಟು ಖಾಲಿ ಬಿದ್ದಿತ್ತು. ಅಳತೆ ಮಾಡಿದೆ. ತಿರುಗಿಸಲು ಜಾಗ ಬಿಟ್ಟರೆ ಐದು ಕಾರಿಗಿಂತ ಹೆಚ್ಚು ಹಿಡಿಯದು. ಒಂದಕ್ಕೆ ತಿಂಗಳಿಗೆ ಸಾವಿರ ಎಂದರೂ ಐದು ಸಾವಿರ. ಅದೇ ಜಾಗದಲ್ಲಿ ದಿನಕ್ಕೆ 30 ಬೈಕ್ ನಿಂತು, ತಲಾ ಹತ್ತು ರೂಪಾಯಿ ಕೊಟ್ಟರೆ 26 ದಿನಕ್ಕೆ 7,800 ರೂಪಾಯಿ. ಸಣ್ಣ ಊರಿನಲ್ಲಿ ಕಾರಿಗಿಂತ ಬೈಕೇ ವಾಸಿ!

ಇದಕ್ಕಾಗಿಯೇ 20 ಲಕ್ಷ ಕೊಟ್ಟು ಸೈಟು ಕೊಂಡಿದ್ದರೆ? ವರ್ಷದ ಆದಾಯ 93,600 ರೂಪಾಯಿ, ಅಂದರೆ ಶೇ 5ಕ್ಕೂ ಕಡಿಮೆ. ಶೇ 6.5ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೂ 1.3 ಲಕ್ಷ ಬರುತ್ತದೆ. ಕಾವಲಿಗೆ ಆಳು ಇಟ್ಟರಂತೂ ಬಂದದ್ದೆಲ್ಲ ಅವರ ಸಂಬಳಕ್ಕೇ ಸರಿ. ಅಂದರೆ ಪಾರ್ಕಿಂಗ್‌ಗೆಂದು ಸಾಲ ಮಾಡಿ ಜಾಗ ಕೊಳ್ಳುವುದು ದಡ್ಡತನ. ಖಾಲಿ ಬಿದ್ದ ಸ್ವಂತ ಜಾಗಕ್ಕೆ ನಾವೇ ದುಡಿದು ಆದಾಯ ತರುವುದು ಜಾಣತನ. ನಾಳೆ ಮನೆ ಕಟ್ಟಬೇಕೆಂದರೆ ಸೈಟು ಹಾಗೇ ಇರುತ್ತದೆ, ಬಾಡಿಗೆದಾರರನ್ನು ಬಿಡಿಸುವ ತಲೆನೋವೂ ಇಲ್ಲ.

ಇದರಲ್ಲೂ ಅಪಾಯ ಇಲ್ಲದಿಲ್ಲ. ರಸ್ತೆ ಬದಿ ಪುಕ್ಕಟೆ ಜಾಗ ಇರುವಾಗ ದುಡ್ಡು ಕೊಡುವವರು ಕಡಿಮೆ. ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ಪಾಲಿಕೆ ಕಟ್ಟಿದ ಬಹುಮಹಡಿ ಪಾರ್ಕಿಂಗ್ ಕೂಡ ನಡೆಸುವವರು ಸಿಗದೆ ಬಹಳ ಕಾಲ ಮುಚ್ಚಿಯೇ ಇತ್ತು, ತೆರೆದದ್ದು 2024ರಲ್ಲಿ. ಇನ್ನು ಗಾಡಿ ಕಳವಾದರೆ? ‘ಮಾಲೀಕರೇ ಜವಾಬ್ದಾರರು’ ಎಂದು ಬೋರ್ಡು ಹಾಕಿದರೆ ಮುಗಿಯಿತು ಎಂದುಕೊಂಡಿದ್ದೆ. ಹೋಟೆಲೊಂದರ ಸಿಬ್ಬಂದಿಯ ಕೈಗೆ ಕೀ ಕೊಟ್ಟ ಕಾರು ಕಳವಾದ ಪ್ರಕರಣದಲ್ಲಿ, ಅಂಥ ಸೂಚನೆ ತೋರಿಸಿ ನಿರ್ಲಕ್ಷ್ಯದ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಾನು ಕೀ ಇಸಿದುಕೊಳ್ಳುವುದಿಲ್ಲ. ಟೋಕನ್, ನಂಬರ್ ಬರೆಯುವ ಪುಸ್ತಕ, ಒಂದು ಕ್ಯಾಮೆರಾ ಇಟ್ಟಿದ್ದೇನೆ. ಪುರಸಭೆಯಲ್ಲಿ ವಿಚಾರಿಸಿ, ಅನುಮತಿ ಪಡೆದೇ ಶುರು ಮಾಡಿದೆ.

ಹೌದು, ಶುರು ಮಾಡಿ ನಾಲ್ಕು ತಿಂಗಳಾಯಿತು. ಮೊದಲ ವಾರ ಬಂದದ್ದು ದಿನಕ್ಕೆ ಆರೇಳು ಬೈಕ್. ಈಗ ಇಪ್ಪತ್ತು ದಾಟುತ್ತದೆ. ಬಂದದ್ದರಲ್ಲಿ ಅರ್ಧ ದೊಡ್ಡಪ್ಪನಿಗೆ. ಅಡಿಕೆಯ ನಾಲ್ಕು ಲಕ್ಷ ಅಪ್ಪನ ಹೆಸರಲ್ಲಿ ಬ್ಯಾಂಕಿನಲ್ಲಿದೆ. ಬೆಳಿಗ್ಗೆ ಬೈಕ್‌ಗಳೆಲ್ಲ ಬಂದ ಮೇಲೆ ಸಂಜೆವರೆಗೆ ಶೀಟಿನ ನೆರಳಲ್ಲಿ ಕೂತು ಪರೀಕ್ಷೆಗೆ ಓದುತ್ತೇನೆ.

ಮೊನ್ನೆ ಒಬ್ಬ ಹುಡುಗಿ ಸ್ಕೂಟಿ ನಿಲ್ಲಿಸಿ, ‘ಅಣ್ಣಾ, ಲಾಸ್ಟ್ ಬಸ್ಸಿಗೆ ಬರ್ತೀನಿ, ಇರ್ತೀರಲ್ವಾ?’ ಎಂದು ಕೇಳಿದಳು. ‘ಇರ್ತೀನಮ್ಮ’ ಎಂದೆ. ನನ್ನಿಂದ ಅವರು ಕೊಳ್ಳುತ್ತಿರುವುದು ಆ ಭರವಸೆಯನ್ನೇ. ಅದನ್ನು ಉಳಿಸಿಕೊಂಡರೆ ಹತ್ತು ರೂಪಾಯಿ ನಾಳೆಯೂ ಬರುತ್ತದೆ.