ಜೇವರ್ಗಿಗೂ ಇಂಟರ್‌ನ್ಯಾಷನಲ್ ಅಫೇರ್ಸ್‌ಗೂ ಏನ್ ಸಂಬಂಧ?

ನಾನು ಸೆಕೆಂಡ್ ಇಯರ್. ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಹಾಗಾಗಿ ಒತ್ತಕ್ಷರ ಎಲ್ಲಾದ್ರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ.

ಹೋದ ತಿಂಗಳು ಊರಿಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಧೈರ್ಯ ಮಾಡಿ, "ಅಪ್ಪಾ, ಬಿಇ ಮುಗಿದ ಮ್ಯಾಲ ಇಂಟರ್‌ನ್ಯಾಷನಲ್ ಅಫೇರ್ಸ್‌ದಾಗ ಮಾಸ್ಟರ್ಸ್ ಮಾಡಬೇಕಂತ ಅನಸ್ಲಿಕತ್ತದ" ಅಂದೆ. ಅಪ್ಪ ರೊಟ್ಟಿ ಮುರಿಯೋದು ನಿಲ್ಲಿಸಿದ್ರು. "ಅಂದ್ರ ಏನದು? ನಮ್ಮ ಜೇವರ್ಗಿಗೂ ಅದಕ್ಕೂ ಏನ್ ಸಂಬಂಧ?" ಅಂದ್ರು. ನನಗೆ ಉತ್ತರ ಬರಲಿಲ್ಲ. ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಕೂತು ಓದಿದೆ. ಈ ಲೇಖನ ಆ ಉತ್ತರ, ಸ್ವಲ್ಪ ಲೇಟಾಗಿ.

ಮೊದಲು, ಈ ಕೋರ್ಸ್ ಅಂದ್ರೆ ಏನು?

ದೇಶ ದೇಶಗಳ ನಡುವೆ ನಡೆಯೋ ವ್ಯವಹಾರದ ಓದು ಇದು. ಯುದ್ಧ, ಒಪ್ಪಂದ ಮಾತ್ರ ಅಲ್ಲ. ವ್ಯಾಪಾರ, ನೀರು, ವಲಸೆ, ಹವಾಮಾನ ಎಲ್ಲಾ ಬರುತ್ತೆ. ಇದನ್ನ ಅಂತರಶಿಸ್ತೀಯ ಅಂತ ಯಾಕೆ ಕರೀತಾರೆ ಅಂದ್ರೆ, ಒಂದೇ ಪ್ರಶ್ನೆಯನ್ನ ಅರ್ಥಶಾಸ್ತ್ರ, ಕಾನೂನು, ಇತಿಹಾಸ, ರಾಜಕೀಯ, ಸ್ಟ್ಯಾಟಿಸ್ಟಿಕ್ಸ್ ಎಲ್ಲದರಿಂದಲೂ ನೋಡಬೇಕು. ನಮಗೆ ಇದು ಹೊಸದಲ್ಲ. ಒಂದು ರೋಬೋ ಮಾಡ್ಬೇಕಾದ್ರೆ ಮೆಕ್ಯಾನಿಕಲ್‌ನವನೂ ಬೇಕು, ಇಸಿಯವಳೂ ಬೇಕು, ಕೋಡ್ ಬರೆಯೋರೂ ಬೇಕು. ಹಾಗೇನೇ.

ಉದಾಹರಣೆಗೆ ದೂರ ಹೋಗೋದು ಬೇಡ. ನಮ್ಮ ಮೂರು ತಾಲೂಕು ಸಾಕು.

ಜೇವರ್ಗಿ: ತೊಗರಿ ರೇಟ್ ಯಾರು ಮಾಡ್ತಾರೆ?

ನಮ್ಮದು ಎರೆ ಭೂಮಿ, ಬೆಳೆಯೋದು ತೊಗರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ರೇಟ್ ಮಾಡೋದು ಮಂಡಿಯ ದಲಾಲಿ ಅಂತ ಚಿಕ್ಕವನಿದ್ದಾಗ ಅಂದ್ಕೊಂಡಿದ್ದೆ. ವಿಷಯ ಅಷ್ಟು ಸರಳ ಇಲ್ಲ.

ತೊಗರಿ ಬೆಳೆಯೋದ್ರಲ್ಲೂ ತಿನ್ನೋದ್ರಲ್ಲೂ ಜಗತ್ತಿನಲ್ಲಿ ಭಾರತವೇ ಮೊದಲು. ಆದ್ರೂ ನಮಗೆ ಸಾಲೋದಿಲ್ಲ. 2015ರಲ್ಲಿ ಬೇಳೆ ಕೆಜಿಗೆ 200 ರೂಪಾಯಿ ಹತ್ತಿರ ಹೋಯ್ತು. ಸರ್ಕಾರ 2016ರ ಜುಲೈನಲ್ಲಿ ಆಫ್ರಿಕಾದ ಮೊಜಾಂಬಿಕ್ ಜೊತೆ ಒಪ್ಪಂದ ಮಾಡ್ಕೊಳ್ತು. ಐದು ವರ್ಷದಲ್ಲಿ ಅಲ್ಲಿಂದ ತರಿಸೋ ಬೇಳೆಕಾಳನ್ನ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ಏರಿಸೋದು ಅಂತ. ಅದೇ ವರ್ಷ ಮಳೆ ಚೆನ್ನಾಗಾಯ್ತು, ರೇಟ್ ಚೆನ್ನಾಗಿದೆ ಅಂತ ಎಲ್ಲರೂ ತೊಗರಿನೇ ಬಿತ್ತಿದ್ರು. ಬೆಳೆ ಬಂದಾಗ ಮಾರ್ಕೆಟ್‌ನಲ್ಲಿ ರೇಟ್, ಬೋನಸ್ ಸೇರಿ ಕ್ವಿಂಟಲ್‌ಗೆ 5,050 ಇದ್ದ ಬೆಂಬಲ ಬೆಲೆಗಿಂತ ಕೆಳಗೆ ಹೋಯ್ತು. 2017ರ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕ್ತು.

ಇಲ್ಲಿ ನನಗೆ ಗೊತ್ತಿಲ್ಲದ ಒಂದು ವಿಷಯ ಇತ್ತು. ಭಾರತ ಕೊಳ್ಳುತ್ತೆ ಅಂತ ನಂಬಿ ಮೊಜಾಂಬಿಕ್‌ನ ಸಣ್ಣ ರೈತರೂ ತೊಗರಿ ಬಿತ್ತಿದ್ರು. ಅವರ ಮನೆಯಲ್ಲಿ ತೊಗರಿ ನಮ್ಮಷ್ಟು ತಿನ್ನೋದಿಲ್ಲ, ಬೆಳೆಯೋದು ಹೆಚ್ಚಾಗಿ ಮಾರೋದಕ್ಕೆ. ನಾವು ಬಾಗಿಲು ಹಾಕಿದ ಕೂಡಲೇ ಅಲ್ಲೂ ರೇಟ್ ಕುಸೀತು.

2021ರಲ್ಲಿ ಮತ್ತೆ ಬಾಗಿಲು ತೆಗೆದ್ರು. ಮೊಜಾಂಬಿಕ್ ಒಪ್ಪಂದ ಮುಂದುವರೀತು, ಮಲಾವಿಯಿಂದ ವರ್ಷಕ್ಕೆ 50,000 ಟನ್, ಮ್ಯಾನ್ಮಾರ್‌ನಿಂದ 1 ಲಕ್ಷ ಟನ್ ಅಂತ ಹೊಸ ಒಪ್ಪಂದಗಳೂ ಆದವು. ಆಫ್ರಿಕಾದ ತೊಗರಿ ಕಟಾವಾಗೋದು ಆಗಸ್ಟ್ ಆಸುಪಾಸು. ನಮ್ಮದು ಡಿಸೆಂಬರ್–ಜನವರಿ. ಅಂದ್ರೆ ನಮ್ಮ ರಾಶಿ ಆಗೋ ಮೊದಲೇ ಅವರ ಹಡಗು ಬಂದಿರುತ್ತೆ. 2024–25ರ ಬೆಳೆಗೆ ಬೆಂಬಲ ಬೆಲೆ 7,550 ಇತ್ತು, ರಾಜ್ಯ ಸರ್ಕಾರ ಮೇಲೆ 450 ಸೇರಿಸಬೇಕಾಯ್ತು. ಆ ಸಲ ಅಪ್ಪ ರೇಟ್ ಏರುತ್ತೆ ಅಂತ ಸ್ವಲ್ಪ ಚೀಲ ಮನೆಯಲ್ಲೇ ಇಟ್ಟಿದ್ದರು. ಏರಲಿಲ್ಲ. ನನ್ನ ಹಾಸ್ಟೆಲ್ ಫೀಸ್ ಎರಡು ಕಂತಿನಲ್ಲಿ ಬಂತು.

"ಈ ಸಲ ರೇಟ್ ಯಾಕ ಬಿತ್ತು?" ಅನ್ನೋ ಒಂದು ಪ್ರಶ್ನೆಗೆ ಆಮದು ಸುಂಕ, ಒಪ್ಪಂದದ ಭಾಷೆ, ಮಳೆ, ಚುನಾವಣೆ, ಹಡಗು ಎಲ್ಲಾ ಬೇಕು. ಈ ಕೋರ್ಸ್ ಕಲಿಸೋದು ಇದನ್ನೇ.

ಅಫಜಲಪುರ: ನದಿ ಯಾರದು?

ಅಮ್ಮನ ತವರು ಅಫಜಲಪುರ ತಾಲೂಕು, ಭೀಮಾ ದಂಡೆ. ಬೇಸಿಗೆಯಲ್ಲಿ ನದಿಯಲ್ಲಿ ಉಸುಕು ಕಾಣುತ್ತೆ. 2020ರ ಅಕ್ಟೋಬರ್‌ನಲ್ಲಿ ಮೇಲೆ ಮಹಾರಾಷ್ಟ್ರದಲ್ಲಿ ಮಳೆ ಆಗಿ, ಉಜನಿ ಡ್ಯಾಮಿನಿಂದ ನೀರು ಬಿಟ್ಟಾಗ ದಂಡೆ ಊರುಗಳಿಗೆ ನೀರು ನುಗ್ತು. ಸೊನ್ನ ಬ್ಯಾರೇಜ್ ನಮ್ಮ ಕಡೆ ಇದ್ರೂ ಮೇಲಿನ ಗೇಟು ನಮ್ಮ ಕೈಲಿಲ್ಲ.

ಕೃಷ್ಣಾ ಕಣಿವೆಯ ನೀರಿನ ಜಗಳಕ್ಕೆ 1969ರಲ್ಲಿ ನ್ಯಾಯಮಂಡಳಿ ಆಯ್ತು, 1973ರಲ್ಲಿ ತೀರ್ಪು ಬಂತು. ಭೀಮಾ ಕೃಷ್ಣೆಯ ಉಪನದಿ, ಅದೂ ಈ ಲೆಕ್ಕದಲ್ಲೇ ಇದೆ. ನ್ಯಾಯಮಂಡಳಿ ಹಿಡಿದ ತತ್ವ ಸಮಾನ ನ್ಯಾಯದ ಹಂಚಿಕೆ. ಅಂದ್ರೆ ಮೇಲಿರೋರು ಪೂರ್ತಿ ತಡೆಯೋ ಹಾಗಿಲ್ಲ, ಕೆಳಗಿರೋರು ಪೂರ್ತಿ ಕೇಳೋ ಹಾಗಿಲ್ಲ. ದೇಶಗಳ ನಡುವಿನ ನದಿಗಳಿಗೆ 1966ರ ಹೆಲ್ಸಿಂಕಿ ನಿಯಮಗಳು, 1997ರ ವಿಶ್ವಸಂಸ್ಥೆಯ ಒಪ್ಪಂದ ಹೇಳೋದೂ ಹೆಚ್ಚುಕಡಿಮೆ ಇದೇ ಮಾತು. ಭೀಮಾ ಅರ್ಥ ಆದ್ರೆ ನೈಲ್ ನದಿ ಜಗಳ ಅರ್ಧ ಅರ್ಥ ಆದ ಹಾಗೆ.

ಆಳಂದ: ಭದ್ರತಾ ಮಂಡಳಿಯ ಮುಂದೆ ನಾವು

ನಾವು ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸ್ತೀವಿ. ಆಳಂದ, ಅಫಜಲಪುರ, ಜೇವರ್ಗಿ ಎಲ್ಲಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಆಗಸ್ಟ್ 21ರಂದು ಹೈದರಾಬಾದ್ ಭಾರತದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಸೆಪ್ಟೆಂಬರ್ 16ಕ್ಕೆ ಪ್ಯಾರಿಸ್‌ನಲ್ಲಿ ಚರ್ಚೆಗೆ ಬಂತು. ಹೈದರಾಬಾದ್ ಸ್ವತಂತ್ರ ದೇಶವೇ ಅಲ್ಲ, ದೂರು ಕೊಡೋ ಹಕ್ಕೇ ಇಲ್ಲ ಅನ್ನೋದು ಭಾರತದ ವಾದ. ಮರುದಿನ ನಿಜಾಮರು ಸೋಲೊಪ್ಪಿಕೊಂಡ್ರು, ಆಮೇಲೆ ದೂರನ್ನೂ ವಾಪಸ್ ತಗೊಂಡ್ರು. ದೇಶ ಅಂದ್ರೆ ಏನು, ಯಾರು ಹೇಳಿದ್ರೆ ದೇಶ ಆಗುತ್ತೆ ಅನ್ನೋದು ಈ ಕೋರ್ಸ್‌ನ ಮೊದಲ ಪಾಠಗಳಲ್ಲಿ ಒಂದು. ನಮ್ಮ ಊರುಗಳೇ ಅದಕ್ಕೆ ಕೇಸ್ ಸ್ಟಡಿ.

ಎಲ್ಲಿ ಓದಬಹುದು, ಎಷ್ಟು ಖರ್ಚು?

ದೆಹಲಿಯ ಜೆಎನ್‌ಯುನಲ್ಲಿ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಇದೆ. 1955ರಲ್ಲಿ ಬೇರೆ ಸಂಸ್ಥೆಯಾಗಿ ಶುರುವಾಗಿ ಆಮೇಲೆ ಜೆಎನ್‌ಯು ಸೇರಿದ್ದು. ಎಂಎ ಪ್ರವೇಶ ಸಿಯುಇಟಿ ಪಿಜಿ ಮೂಲಕ, ಫೀಸ್ ಕಡಿಮೆ. ದೆಹಲಿಯಲ್ಲೇ ಸಾರ್ಕ್ ದೇಶಗಳು ಸೇರಿ ಕಟ್ಟಿದ ಸೌತ್ ಏಷ್ಯನ್ ಯೂನಿವರ್ಸಿಟಿ ಕೂಡ ಇದೆ. ಹೊರಗೆ ಜಿನೀವಾದ ಗ್ರ್ಯಾಜುಯೇಟ್ ಇನ್‌ಸ್ಟಿಟ್ಯೂಟ್, ಅಮೆರಿಕದ ಫ್ಲೆಚರ್, ಕೊಲಂಬಿಯಾದ ಸೀಪಾ ಹೆಸರಾದವು. ಅಮೆರಿಕದಲ್ಲಿ ಎರಡು ವರ್ಷದ ಖರ್ಚು ಕೋಟಿ ಮುಟ್ಟೋದೂ ಇದೆ, ಸ್ಕಾಲರ್‌ಶಿಪ್ ಇಲ್ಲದೆ ಆ ಕಡೆ ನೋಡೋದೇ ಬೇಡ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಯುರೋಪಿಗೆ ಎರಾಸ್ಮಸ್ ಮುಂಡಸ್, ಬ್ರಿಟನ್ನಿಗೆ ಚೀವನಿಂಗ್. ಚೀವನಿಂಗ್‌ಗೆ ಸುಮಾರು ಎರಡು ವರ್ಷ ಕೆಲಸದ ಅನುಭವ ಬೇಕು.

ಒಂದು ತಪ್ಪು ತಿಳುವಳಿಕೆ ಬಿಡಿ. ಐಎಫ್‌ಎಸ್ ಆಗೋಕೆ ಈ ಡಿಗ್ರಿ ಬೇಕಿಲ್ಲ. ಯುಪಿಎಸ್‌ಸಿಗೆ ಯಾವುದೇ ಡಿಗ್ರಿ ಸಾಕು, ಬಿಇ ಆದ್ರೂ ಸೈ. ಹಾಗೇ ಈ ಕೋರ್ಸಿಗೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತ ಏನೂ ಇಲ್ಲ. ಸಂಶೋಧನಾ ಸಂಸ್ಥೆ, ವ್ಯಾಪಾರ ನೀತಿ, ವಿಶ್ವಸಂಸ್ಥೆಯ ಕೆಲಸಗಳಿಗೆ ದಾರಿ ಇದೆ, ಆದ್ರೆ ನಿಧಾನದ ದಾರಿ.

ಇಂಜಿನಿಯರ್‌ಗೆ ಇಲ್ಲಿ ಏನು ಕೆಲಸ? ಸ್ಯಾಟಲೈಟ್ ಚಿತ್ರ ನೋಡಿ ಎಷ್ಟು ಎಕರೆ ತೊಗರಿ ಇದೆ ಅಂತ ಅಂದಾಜು ಮಾಡೋದು, ಡ್ಯಾಮಿನ ನೀರಿನ ಲೆಕ್ಕ ಓದೋದು ನಮಗೆ ಬರುತ್ತೆ. ಬರದೇ ಇರೋದು ಉದ್ದ ಓದೋದು, ಉದ್ದ ಬರೆಯೋದು. ಅದಕ್ಕೆ ಈಗಿಂದಲೇ ದಿನಾ ಪೇಪರ್ ಓದಿ, ಎಕನಾಮಿಕ್ಸ್ ಎಲೆಕ್ಟಿವ್ ಸಿಕ್ರೆ ತಗೊಳ್ಳಿ, ಏನಾದ್ರೂ ಬರೀರಿ. ನಾನು ಈ ಲೇಖನದಿಂದ ಶುರು ಮಾಡಿದ್ದೀನಿ.

ಮೊನ್ನೆ ಫೋನ್‌ನಲ್ಲಿ ಇದನ್ನೆಲ್ಲಾ ಅಪ್ಪನಿಗೆ ಹೇಳಿದೆ. ಕೋರ್ಸ್ ಬಗ್ಗೆ, ಫೀಸ್ ಬಗ್ಗೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೊಜಾಂಬಿಕ್ ರೈತಂದೂ ರೇಟ್ ಬಿತ್ತೇನು?" ಅಂದ್ರು. ಹೌದು ಅಂದೆ. "ಹಂಗಾದ್ರ ಇಬ್ಬರಿಗೂ ಲುಕ್ಸಾನ ಆಗಿದ್ದು ಯಾಕಂತ ಓದ್ಕೊಂಡು ಬಾ. ಮೊದಲ್ ಆ ಮ್ಯಾಥ್ಸ್ ಬ್ಯಾಕ್‌ಲಾಗ್ ತೆಗಿ" ಅಂದು ಫೋನ್ ಇಟ್ರು.

ಸದ್ಯಕ್ಕೆ ಮ್ಯಾಥ್ಸ್ ಓದ್ತಿದ್ದೀನಿ.