ಮದ್ದುಗುಂಡಿನ ಕೋಠಿ ಮತ್ತು ಅದರ ರೈಲು

ಮದ್ದುಗುಂಡಿನ ಕೋಠಿ ಎಂದರೆ ದಪ್ಪ ಗೋಡೆಗಳ, ಬಂದೂಕು ಹಿಡಿದ ಕಾವಲಿರುವ ಗೋದಾಮು ಎಂದು ನಾವು ಭಾವಿಸುತ್ತೇವೆ. ಆದರೆ ಅದರ ನಿಜವಾದ ರಕ್ಷಣೆ ಇರುವುದು ಅಂತರದಲ್ಲಿ. ಒಂದು ಬಾಂಬು ಸಿಡಿದಾಗ ಹೊಮ್ಮುವ ಆಘಾತ ತರಂಗವೂ ಲೋಹದ ಚೂರುಗಳೂ ಪಕ್ಕದ ಬಾಂಬನ್ನು ಸಿಡಿಸಬಲ್ಲವು. ಆದ್ದರಿಂದ ದಾಸ್ತಾನನ್ನು ಸಣ್ಣ ಭಾಗಗಳಾಗಿ ಹಂಚಿ ದೂರದೂರ ಇಡುತ್ತಾರೆ; ನಡುವೆ ತಡೆಗೋಡೆ ಕಟ್ಟುತ್ತಾರೆ. ಹೀಗೆ ಚದುರಿಸಿಟ್ಟ ಸಾವಿರಾರು ಟನ್ ಭಾರವನ್ನು ಸಾಗಿಸಲು ಕೋಠಿಗೆ ತನ್ನದೇ ಆದ ರೈಲು ಹಳಿಗಳು ಬೇಕಾಗುತ್ತವೆ.

ಈ ತತ್ತ್ವದ ಬೆಲೆ ಏನೆಂಬುದನ್ನು ಅಮೆರಿಕದ ಪೋರ್ಟ್ ಚಿಕಾಗೊ ತೋರಿಸಿಕೊಟ್ಟಿತು. ಇದು ಪ್ರಸಿದ್ಧ ಚಿಕಾಗೊ ನಗರವಲ್ಲ; ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿದ್ದ ಪುಟ್ಟ ಊರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ನೌಕಾಪಡೆ ಇಲ್ಲಿ ಮದ್ದುಗುಂಡಿನ ಕೋಠಿಯನ್ನು ನಿರ್ಮಿಸತೊಡಗಿತು. ರೈಲಿನಲ್ಲಿ ಬಂದ ವ್ಯಾಗನ್‌ಗಳನ್ನು ಮೊದಲು ತಡೆಗೋಡೆಗಳ ನಡುವೆ ನಿಲ್ಲಿಸುತ್ತಿದ್ದರು. ಸರದಿ ಬಂದಾಗ ಎಂಜಿನ್ ಅವನ್ನು ಹಡಗುಕಟ್ಟೆಯ ಮೇಲೆ ತಂದುಬಿಡುತ್ತಿತ್ತು.

ಕಟ್ಟೆಯ ಮೇಲೆ ಮಾತ್ರ ಅಂತರವೆಂಬುದೇ ಇರಲಿಲ್ಲ. ಅಲ್ಲಿ ಸರಕು ತುಂಬುತ್ತಿದ್ದವರೆಲ್ಲ ಕಪ್ಪು ವರ್ಣದ ನಾವಿಕರು; ಅವರ ಅಧಿಕಾರಿಗಳು ಬಿಳಿಯರು. ಸ್ಫೋಟಕಗಳನ್ನು ನಿರ್ವಹಿಸುವ ತಕ್ಕ ತರಬೇತಿ ಇಬ್ಬರಿಗೂ ಇರಲಿಲ್ಲ. ಯಾವ ತಂಡ ಹೆಚ್ಚು ಟನ್ ತುಂಬುತ್ತದೆ ಎಂದು ಅಧಿಕಾರಿಗಳು ಬಾಜಿ ಕಟ್ಟುತ್ತಿದ್ದರು.

1944ರ ಜುಲೈ 17ರ ರಾತ್ರಿ 10 ಗಂಟೆ 18 ನಿಮಿಷ. ಇ. ಎ. ಬ್ರಯಾನ್ ಹಡಗಿನಲ್ಲಿ ಸುಮಾರು 4,600 ಟನ್, ಪಕ್ಕದ 16 ವ್ಯಾಗನ್‌ಗಳಲ್ಲಿ ಸುಮಾರು 430 ಟನ್ ಮದ್ದುಗುಂಡು ಇದ್ದವು. ಎಲ್ಲವೂ ಸಿಡಿದವು. ಹಡಗು, ಕಟ್ಟೆ, ಎಂಜಿನ್ ಛಿದ್ರವಾದವು. 320 ಜನ ಸತ್ತರು. ಅವರಲ್ಲಿ 202 ಮಂದಿ ಕಪ್ಪು ನಾವಿಕರು. ಮೊದಲ ಕಿಡಿ ಎಲ್ಲಿ ಹೊತ್ತಿತೆಂಬುದನ್ನು ತನಿಖೆ ನಿರ್ಧರಿಸಲಾಗಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ತಡೆಗೋಡೆಗಳ ನಡುವೆ ಸರದಿಗಾಗಿ ಕಾದಿದ್ದ ವ್ಯಾಗನ್‌ಗಳು ಆಘಾತಕ್ಕೆ ಒಳಕ್ಕೆ ಬಾಗಿ ನುಜ್ಜುಗುಜ್ಜಾದವು, ಆದರೆ ಸಿಡಿಯಲಿಲ್ಲ. ತತ್ತ್ವವನ್ನು ಪಾಲಿಸಿದ ಕಡೆ ಅದು ಕಾಪಾಡಿತು.

ಮೂರು ವಾರಗಳ ನಂತರ, ಆಗಸ್ಟ್ 9ರಂದು, ಬದುಕುಳಿದವರಿಗೆ ಹತ್ತಿರದ ಇನ್ನೊಂದು ನೆಲೆಯಲ್ಲಿ ಮತ್ತೆ ಅದೇ ಕೆಲಸ ಮಾಡಲು ಆಜ್ಞೆಯಾಯಿತು. ಕೆಲಸದ ರೀತಿ ಬದಲಾಗಿರಲಿಲ್ಲ. 258 ಮಂದಿ ನಿರಾಕರಿಸಿದರು. ಅವರಲ್ಲಿ 50 ಮಂದಿಯ ಮೇಲೆ ದಂಗೆಯ ಆರೋಪ ಹೊರಿಸಿ, 8ರಿಂದ 15 ವರ್ಷಗಳ ಶಿಕ್ಷೆ ವಿಧಿಸಲಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಹುತೇಕರ ಬಿಡುಗಡೆಯಾಯಿತು. ಆದರೆ ಕಳಂಕ ಉಳಿಯಿತು.

1968ರಲ್ಲಿ ನೌಕಾಪಡೆ ಊರನ್ನೇ ಕೊಂಡು ತೆರವು ಮಾಡಿಸಿತು. ಜನವಸತಿಯಿಂದ ಇರಬೇಕಾದ ಅಂತರ ಕೊನೆಗೆ ಹೀಗೆ ದೊರೆಯಿತು. ನಾವಿಕರಿಗೆ ನ್ಯಾಯ ಸಿಕ್ಕಿದ್ದು ಇನ್ನೂ ತಡವಾಗಿ. 2024ರ ಜುಲೈ 17ರಂದು, ಸ್ಫೋಟಕ್ಕೆ ಸರಿಯಾಗಿ 80 ವರ್ಷ ತುಂಬಿದ ದಿನ, ನೌಕಾಪಡೆ ಅವರಲ್ಲಿ 256 ಮಂದಿ ನಿರ್ದೋಷಿಗಳೆಂದು ಘೋಷಿಸಿತು. ಅವರ ಅಂಜಿಕೆಯನ್ನು ಅಂದು ಅವಿಧೇಯತೆ ಎಂದು ಕರೆದಿದ್ದರು; ಭೌತಶಾಸ್ತ್ರ ಅವರ ಪರವಾಗಿಯೇ ಇತ್ತು.