ನಂದಿ ಬೆಟ್ಟ, ಮಂಡಿನೋವು ಮತ್ತು ಹದಿನೇಳರ ಮಗ್ಗಿ

ಕಳೆದ ವರ್ಷ ಮೊದಲ ಸಲ ಸೈಕಲ್ ತಗೊಂಡು ನಂದಿ ಬೆಟ್ಟಕ್ಕೆ ಹೋದಾಗ ಅರ್ಧ ದಾರಿ ತಳ್ಳಿಕೊಂಡೇ ಹತ್ತಿದೆ. ಸ್ಕೂಟರ್‌ನಲ್ಲಿದ್ದ ಹುಡುಗರು "ಅಂಕಲ್, ಲಿಫ್ಟ್ ಬೇಕಾ?" ಅಂದರು. ನನಗಿನ್ನೂ ಮೂವತ್ತು! ಅದಕ್ಕಿಂತ ಹೆದರಿಸಿದ್ದು ಹಿಂದಿನ ವಾರ ಬಂದಿದ್ದ ರಕ್ತಪರೀಕ್ಷೆಯ ರಿಪೋರ್ಟು. ಸಕ್ಕರೆ ಗಡಿಯಲ್ಲಿ ನಿಂತಿತ್ತು. ಅಪ್ಪನಿಗೆ ಶುಗರ್ ಬಂದದ್ದು ನಲವತ್ತಕ್ಕೆ. ಎಂಟು ವರ್ಷ ಕುರ್ಚಿಯಲ್ಲಿ ಕೂತು ಕೋಡ್ ಬರೆದದ್ದಕ್ಕೆ ಸಿಕ್ಕ ಬೋನಸ್.

ಮನೆಗೆ ಬಂದು ಲೆಕ್ಕ ಹಾಕಿದೆ. ಬುಡದಿಂದ ತುದಿಗೆ ರಸ್ತೆ ಸುಮಾರು ಏಳೂವರೆ ಕಿಲೋಮೀಟರ್, ಏರುವ ಎತ್ತರ ಸುಮಾರು 450 ಮೀಟರ್. ನಾನು 70 ಕೆಜಿ, ಸೈಕಲ್ 12. ಅರ್ಧ ಗಂಟೆಯಲ್ಲಿ ಹತ್ತಬೇಕಾದರೆ ಇಷ್ಟು ತೂಕ ಎತ್ತೋಕೇ 200 ವ್ಯಾಟ್ ಬೇಕು. ಒಂದು ಗಂಟೆ ತಗೊಂಡರೆ ನೂರು ಸಾಕು. ನಾನೋ, ಮೊದಲ ಎರಡು ಕಿಲೋಮೀಟರ್ ಅರ್ಧ ಗಂಟೆಯವರ ಥರ ತುಳಿದು ಸುಸ್ತಾಗಿದ್ದೆ.

ಗೇರೂ ಸರಿಯಿರಲಿಲ್ಲ. ನನ್ನ ಸೈಕಲ್‌ನಲ್ಲಿ ಮುಂದಿನ ಚಿಕ್ಕ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 25. ನಿಮಿಷಕ್ಕೆ 60 ಸುತ್ತು ಪೆಡಲ್ ತಿರುಗಬೇಕಾದರೆ ಗಂಟೆಗೆ ಹತ್ತು ಕಿಲೋಮೀಟರ್ ವೇಗ ಇರಬೇಕು. ಏರಿನಲ್ಲಿ ನನ್ನ ವೇಗ ಏಳೆಂಟು ಅಷ್ಟೇ. ಹಾಗಾಗಿ ಪೆಡಲ್ 40-45ಕ್ಕೆ ಇಳಿದು, ಒಂದೊಂದು ತುಳಿತಕ್ಕೂ ಮಂಡಿ ಹಿಡಿಯುತ್ತಿತ್ತು. ಅಂಗಡಿಯವರು ಹಿಂದೆ 32 ಹಲ್ಲಿನದು ಹಾಕಿಕೊಟ್ಟರು. ಅದೇ ವೇಗದಲ್ಲಿ ಈಗ ಕಾಲು ಹಗುರವಾಗಿ ತಿರುಗುತ್ತೆ.

ವಾರದಲ್ಲಿ ಎರಡು ದಿನ ಬೆಳಿಗ್ಗೆ ಮನೆ ಹತ್ತಿರದ ಏರುರಸ್ತೆಯನ್ನೇ ಹತ್ತು ಸಲ ಹತ್ತಿ ಇಳಿದೆ. ಹೂವಿನ ಅಜ್ಜಿ ಮೂರನೇ ದಿನ "ಏನ್ ಕಳ್ಕೊಂಡ್ಯಪ್ಪಾ?" ಅಂತ ಕೇಳೇಬಿಟ್ಟರು. ಎದ್ದು ನಿಂತು ತುಳಿಯೋದು ಕಡಿಮೆ ಮಾಡಿದೆ, ಹ್ಯಾಂಡಲ್ ಬಿಗಿಯಾಗಿ ಹಿಡಿಯೋದು ಬಿಟ್ಟೆ. ಉಸಿರು ನೋಡಿಕೊಳ್ಳೋಕೆ ಯಂತ್ರ ಕೊಳ್ಳಲಿಲ್ಲ, ಹದಿನೇಳರ ಮಗ್ಗಿ ಜೋರಾಗಿ ಹೇಳ್ತೀನಿ. ಮಧ್ಯೆ ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯ್ತು ಅಂತ ಅರ್ಥ. (ಹದಿನೇಳೇಳ್ಲಿ ಎಷ್ಟು ಅಂತ ಮರೆತು ನಿಂತರೆ ಅದು ಬೇರೆ ವಿಷಯ!) ಎಡಕ್ಕೆ ತಿರುಗುವ ಕಡಿದಾದ ತಿರುವಿನಲ್ಲಿ ಒಳಅಂಚೇ ಹೆಚ್ಚು ಏರು. ಹಿಂದೆ ಗಾಡಿ ಬರ್ತಿಲ್ಲ ಅಂತ ನೋಡಿಕೊಂಡು ಸ್ವಲ್ಪ ಹೊರಗೆ ಸರಿದರೆ ಕಾಲಿಗೆ ಆರಾಮ.

ನಾಲ್ಕನೇ ಪ್ರಯತ್ನದಲ್ಲಿ ಕಾಲು ನೆಲಕ್ಕೆ ತಾಗಿಸದೆ ತುದಿ ಮುಟ್ಟಿದೆ. ಒಂದು ಗಂಟೆ ನಾಲ್ಕು ನಿಮಿಷ. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ.

"ಸಂತೋಷ ಮಗಾ. ರಕ್ತ ಮತ್ತೆ ಯಾವಾಗ ಕೊಡ್ತೀಯ?" ಅಂದರು.

ಮುಂದಿನ ಸೋಮವಾರ ಕೊಡಬೇಕು.